ನಂದಿಯ ತಪ್ಪಲಿನ ದ್ರಾಕ್ಷಿ: ಒಂದು ವೈನ್ ಪ್ರವಾಸದ ನೆಪದಲ್ಲಿ

ನಮ್ಮ ತಾಯಿಯವರ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಗಳ ಹಿಂದೆ, ಕಂದು ಬಣ್ಣದ ಒಂದು ಶೀಷೆ ಸದಾ ಇರುತ್ತಿತ್ತು. ಅದು ದ್ರಾಕ್ಷಾಸವ. ರಾತ್ರಿಯ ಊಟವಾದ ಮೇಲೆ ಅವರು ಅದನ್ನು ಎರಡು ಚಮಚೆಯಷ್ಟು ನೀರಿಗೆ ಬೆರೆಸಿ, ಕಣ್ಣು ಮುಚ್ಚಿ ಕುಡಿದು, "ಜೀರ್ಣಕ್ಕೆ ಒಳ್ಳೆಯದು" ಎನ್ನುತ್ತಿದ್ದರು. ಹೆಂಡವೆಂಬ ಪದವನ್ನು ಬಾಯಲ್ಲಿ ಆಡಲೂ ಹಿಂಜರಿಯುತ್ತಿದ್ದ ಹೆಂಗಸು ಆಕೆ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿಯಬಾರದೆಂಬ ವಿವೇಕವನ್ನು ನಮಗೆ ಬಾಲ್ಯದಲ್ಲಿಯೇ ಕಲಿಸಿದವರು. ಎಷ್ಟೋ ವರ್ಷಗಳ ಅನಂತರ ನಾನು ಆ ಶೀಷೆಯ ಚೀಟಿಯನ್ನು ಕುತೂಹಲದಿಂದ ಓದಿದೆ. ದ್ರಾಕ್ಷಿಯ ಕಷಾಯಕ್ಕೆ ಬೆಲ್ಲವನ್ನೂ ಧಾತಕೀ ಪುಷ್ಪವನ್ನೂ ಸೇರಿಸಿ, ಮುಚ್ಚಿದ ಪಾತ್ರೆಯಲ್ಲಿ ವಾರಗಟ್ಟಲೆ ಹುದುಗಿಸಿದಾಗ ಅದರಲ್ಲಿ ಮದ್ಯಾಂಶವು ತಾನಾಗಿಯೇ ಹುಟ್ಟುತ್ತದೆ. ಚೀಟಿಯ ಮೇಲೆ ಹಾಗೆಂದೇ ಮುದ್ರಿಸಿದ್ದರು. ತಾಯಿಯವರಿಗೆ ಓದಿ ಹೇಳಿದೆ. "ಔಷಧಿಗೆ ಮೈಲಿಗೆಯಿಲ್ಲ, ಸುಮ್ಮನಿರೋ" ಎಂದರು. ಶೀಷೆ ಅಲ್ಲಿಯೇ ಉಳಿಯಿತು.

ಈ ಸಂಗತಿ ಈಗ ನೆನಪಾದದ್ದಕ್ಕೆ ಕಾರಣವಿದೆ. ಕಳೆದ ಮಾಘ ಮಾಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಬಂದಿತು. ಅವನು ನಂದಿ ಬೆಟ್ಟದ ತಪ್ಪಲಿನ ಒಂದು ವೈನ್ ತಯಾರಿಕಾ ಘಟಕದಲ್ಲಿ ಸಂದರ್ಶಕರಿಗೆ ತೋಟವನ್ನೂ ಉಗ್ರಾಣವನ್ನೂ ತೋರಿಸುವ ಕೆಲಸದಲ್ಲಿದ್ದಾನೆ. "ಸಾರ್, ನೀವು ಒಂದು ಸಲ ಬರಲೇಬೇಕು. ಬರೋರಿಗೆಲ್ಲ ನಾನು ಹಿಸ್ಟರಿ ಹೇಳ್ತೀನಿ. ನೀವು ಕೇಳಿ ತಪ್ಪಿದ್ರೆ ತಿದ್ದಿ" ಎಂದ. ಇತಿಹಾಸದ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಆಮಿಷ ಬೇರಿಲ್ಲ. ಆದರೂ ಒಂದು ವಾರ ಹಿಂದೆಮುಂದೆ ನೋಡಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೀರಿ ಪಾಠ ಹೇಳಿದವನು ನಾನು. ಪ್ರತಿ ಅಕ್ಟೋಬರ್ 2ರಂದು ಮಕ್ಕಳಿಂದ ಪಾನನಿರೋಧದ ಪ್ರತಿಜ್ಞೆ ಮಾಡಿಸಿದವನು. ಸಂವಿಧಾನದ 47ನೆಯ ವಿಧಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಪಾನನಿಷೇಧವನ್ನು ತರಲು ರಾಜ್ಯವು ಯತ್ನಿಸತಕ್ಕದ್ದೆಂಬ ಮಾತಿನ ಅಡಿಗೆ ಗೆರೆ ಎಳೆಯುತ್ತಿದ್ದವನು. ಅಂಥವನು ವೈನ್ ನೋಡಲು ಹೋಗುವುದೇ? ನನ್ನ ಮನೆಯಾಕೆ ನಕ್ಕು, "ನೋಡಿದ ಮಾತ್ರಕ್ಕೆ ಅಮಲೇರುವುದಿಲ್ಲ, ಹೋಗಿಬನ್ನಿ" ಎಂದು ಚೀಲಕ್ಕೆ ನೀರಿನ ಬಾಟಲಿ ಹಾಕಿಕೊಟ್ಟಳು.

ಬೆಳಗಿನ ಹತ್ತರ ಹೊತ್ತಿಗೆ ನಾನು ಅಲ್ಲಿ ಮುಟ್ಟಿದಾಗ ಬೆಂಗಳೂರಿನಿಂದ ಬಂದ ಇಪ್ಪತ್ತು ಮಂದಿ ತರುಣ ತರುಣಿಯರು ಹುಲ್ಲುಟೋಪಿ ಧರಿಸಿ ನಿಂತಿದ್ದರು. ನನ್ನ ಹುಡುಗ (ಐವತ್ತರ ಸಮೀಪದವನು, ಆದರೆ ಮೇಷ್ಟರಿಗೆ ಹುಡುಗನೇ) ಮೊದಲು ಸಾಲುಸಾಲಾಗಿ ತಂತಿಯ ಮೇಲೆ ಹಬ್ಬಿಸಿದ ಬಳ್ಳಿಗಳ ನಡುವೆ ಕರೆದೊಯ್ದ. ಅನಂತರ ಉಕ್ಕಿನ ಎತ್ತರವಾದ ತೊಟ್ಟಿಗಳು. ಅವುಗಳಾಚೆಗೆ ಮಂದ ಬೆಳಕಿನ, ತಣ್ಣನೆಯ ಉಗ್ರಾಣ. ಅಲ್ಲಿ ಓಕ್ ಮರದ ಪೀಪಾಯಿಗಳು ಮಲಗಿದ್ದವು. ಕೆಂಪು ವೈನಿಗೆ ರಸವನ್ನು ಸಿಪ್ಪೆಯೊಡನೆಯೇ ಹುದುಗಿಸುತ್ತಾರೆ, ಬಣ್ಣವೂ ಒಗರೂ ಸಿಪ್ಪೆಯಿಂದಲೇ ಬರುವುದು. ಬಿಳಿಯದಕ್ಕೆ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುತ್ತಾರೆ. ಇದನ್ನೆಲ್ಲ ಅವನು ಸೊಗಸಾಗಿ ವಿವರಿಸಿದ. ನನಗೆ ಹೆಮ್ಮೆಯಾಯಿತು. ಶಾಲೆಯಲ್ಲಿ ಅಕ್ಬರನ ಆಡಳಿತದ ಬಗ್ಗೆ ನಾಲ್ಕು ವಾಕ್ಯ ಹೇಳಲು ತಡವರಿಸುತ್ತಿದ್ದವನು ಇವನೇ ಏನು ಎನಿಸಿತು.

ಕೊನೆಗೆ ರುಚಿ ನೋಡುವ ಕೋಣೆ. ಐದು ಬಗೆಯವು, ಪ್ರತಿಯೊಂದೂ ಎರಡು ಗುಟುಕಿನಷ್ಟು. ಸೊವಿನ್ಯೋ ಬ್ಲಾಂ, ಶೆನಾ ಬ್ಲಾಂ, ಶಿರಾಜ್, ಕಾಬರ್ನೆ ಸೊವಿನ್ಯೋ: ಎಲ್ಲವೂ ಫ್ರಾನ್ಸಿನ ತಳಿಗಳ ಹೆಸರು. ಪರಿಣತರು ರುಚಿ ನೋಡಿ ಉಗಿಯುವುದಕ್ಕೆಂದು ಮೇಜಿನ ಮೇಲೆ ಒಂದು ಪಾತ್ರೆಯನ್ನೂ ಇಟ್ಟಿದ್ದರು. ಈ ಸಂಪ್ರದಾಯವು ನನ್ನಂಥವರಿಗಾಗಿಯೇ ಹುಟ್ಟಿತೇನೋ ಎಂದುಕೊಂಡು ನಾನೂ ಕೆಂಪು ವೈನಿನಿಂದ ಒಮ್ಮೆ ಬಾಯಿ ಮುಕ್ಕಳಿಸಿ ಉಗಿದೆ. ಒಗರು, ನೇರಳೆ ಹಣ್ಣು ತಿಂದ ಮೇಲೆ ನಾಲಗೆ ಹಿಡಿದುಕೊಳ್ಳುವಂತೆ. ತಾಯಿಯವರ ದ್ರಾಕ್ಷಾಸವದ ಸಿಹಿ ಇದರಲ್ಲಿಲ್ಲ. ಆಗ ನಾನೊಂದು ಪ್ರಶ್ನೆ ಕೇಳಿದೆ: "ಎಲ್ಲ ಸರಿಯಪ್ಪ, ನಮ್ಮ ಬ್ಲೂ ದ್ರಾಕ್ಷಿಯದು ಯಾವುದು ಇದರಲ್ಲಿ?"

ಹುಡುಗ ಸ್ವಲ್ಪ ಸಂಕೋಚದಿಂದ ನಕ್ಕ. "ಅದು ವೈನ್ ದ್ರಾಕ್ಷಿ ಅಲ್ಲ ಸಾರ್."

ಆ ಒಂದು ಉತ್ತರ ನನ್ನನ್ನು ಮನೆಯವರೆಗೂ, ಅಲ್ಲಿಂದ ಪುಸ್ತಕಗಳ ಕಪಾಟಿನವರೆಗೂ ಅಟ್ಟಿಕೊಂಡು ಬಂದಿತು. ಓದುಗ ಮಿತ್ರರು ಸ್ವಲ್ಪ ಸಹನೆ ತಂದುಕೊಳ್ಳಬೇಕು. ಮೇಷ್ಟರು ಈಗ ಹಿಂದಕ್ಕೆ ಹೋಗುತ್ತಾರೆ.

ದ್ರಾಕ್ಷಿಯ ಮದ್ಯವು ನಮ್ಮ ನಾಡಿಗೆ ಫ್ರೆಂಚರ ಮೂಲಕ ಮೊದಲು ಪರಿಚಯವಾದದ್ದೆಂಬ ಭಾವನೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಅಲ್ಲಿ ದ್ರಾಕ್ಷಿಯ ರಸದಿಂದಾದದ್ದನ್ನು 'ಮಧು' ಎಂದು ಕರೆದು, ಅದು ಹುಟ್ಟುವ ದೇಶಗಳ ಹೆಸರಿನಿಂದಲೇ ಕಾಪಿಶಾಯನ, ಹಾರಹೂರಕ ಎಂಬ ಎರಡು ಬಗೆಗಳನ್ನು ಗುರುತಿಸಲಾಗಿದೆ. ಕಾಪಿಶಿಯೆಂದರೆ ಇಂದಿನ ಆಫ್ಘಾನಿಸ್ತಾನದ ಪ್ರದೇಶ. ಬೋರ್ಡೋ, ಶಾಂಪೇನ್ ಎಂದು ಊರಿನ ಹೆಸರಿನಿಂದ ವೈನನ್ನು ಕರೆಯುವ ಪದ್ಧತಿಯನ್ನು ಯೂರೋಪಿನ ಜಾಣ್ಮೆಯೆಂದು ನಾವು ಬೆರಗಾಗುತ್ತೇವೆ. ನಮ್ಮ ಸುರಾಧ್ಯಕ್ಷನು ಅದನ್ನು ಎಂದೋ ಮಾಡಿದ್ದನು. ಈ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿ ಲೋಕಕ್ಕೆ ದೊರಕಿದ್ದು ನಮ್ಮ ಮೈಸೂರಿನಲ್ಲಿ. 1905ರಲ್ಲಿ ಅಲ್ಲಿನ ಓರಿಯೆಂಟಲ್ ಗ್ರಂಥಾಲಯದಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಆ ಪುಣ್ಯಾತ್ಮರಿಗೆ ಈ ಅಧ್ಯಾಯವನ್ನು ಓದುವಾಗ ಏನೆನಿಸಿರಬಹುದೋ!

ನಮ್ಮ ಕವಿಗಳೂ ಹಿಂದೆ ಬಿದ್ದವರಲ್ಲ. ಮಹಾಕಾವ್ಯಕ್ಕೆ ಬೇಕೆಂದು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಕನ್ನಡ ಪಂಡಿತರೊಬ್ಬರು ರಜೆಯಲ್ಲಿದ್ದಾಗ ಅವರ ತರಗತಿಯನ್ನು ನಾನು ತೆಗೆದುಕೊಂಡು ಸೂರ್ಯೋದಯ, ಚಂದ್ರೋದಯ, ಜಲಕ್ರೀಡೆಗಳನ್ನು ಪಟ್ಟಿ ಮಾಡಿಸಿ ಈ ಒಂದನ್ನು ಮಾತ್ರ ಹಾರಿಸಿಬಿಟ್ಟಿದ್ದೆ. ಹದಿನೇಳೇ ಆಯಿತಲ್ಲ ಸಾರ್ ಎಂದು ಎಣಿಸಿ ಕೇಳಿದ ಹುಡುಗಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿಯೂ ಅರಸರ ಕ್ರೀಡೆಗಳ ನಡುವೆ ಮದಿರಾಪಾನಕ್ಕೆ ಸ್ಥಾನವಿದೆ. 1520ರ ಸುಮಾರಿಗೆ ಕೃಷ್ಣದೇವರಾಯನ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಅಲ್ಲಿನ ಪೇಟೆಯ ಹಣ್ಣುಗಳಲ್ಲಿ ದ್ರಾಕ್ಷಿಯನ್ನು ಕಂಡು, ಪಣವೊಂದಕ್ಕೆ ಮೂರು ಗೊಂಚಲೆಂದು ಬೆಲೆಯನ್ನೂ ಗುರುತು ಹಾಕಿಕೊಂಡಿದ್ದಾನೆ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಸುಲ್ತಾನರ ತೋಟದಲ್ಲಿ ಸೈಪ್ರೆಸ್ ಮರಗಳ ಜೊತೆಗೆ ದ್ರಾಕ್ಷಿಯ ಬಳ್ಳಿಯನ್ನೂ ನೋಡಿದನು. ಅಂದರೆ ದ್ರಾಕ್ಷಿ ನಮಗೆ ಹೊಸದಲ್ಲ. ಆದರೆ ಅದು ಅರಸರ, ಶ್ರೀಮಂತರ ಹಣ್ಣಾಗಿದ್ದಿತು. ಸಾಮಾನ್ಯ ಒಕ್ಕಲಿನ ಹೊಲಕ್ಕೆ ಅದನ್ನು ಇಳಿಸಿದ ಕೀರ್ತಿ ಸಲ್ಲಬೇಕಾದದ್ದು ನನ್ನ ಹುಡುಗ ವೈನ್ ದ್ರಾಕ್ಷಿಯಲ್ಲವೆಂದು ಬದಿಗೆ ಸರಿಸಿದ ಆ ನೀಲಿ ಹಣ್ಣಿಗೆ.

'ಬೆಂಗಳೂರು ಬ್ಲೂ' ಎಂಬುದು ಅದರ ಪೂರ್ಣನಾಮ. ನಮ್ಮ ರೈತರ ಬಾಯಲ್ಲಿ ಬರೀ 'ಬ್ಲೂ'. ದಪ್ಪ ಸಿಪ್ಪೆ, ಒಳಗೆ ಲೋಳೆಯಂಥ ತಿರುಳು, ಬೀಜ. ಸಿಪ್ಪೆಯ ಮೇಲೆ ವಿಭೂತಿ ಹಚ್ಚಿದಂಥ ಬೂದು ಮುಸುಕು. ಬೆಂಗಳೂರಿನ ಸುತ್ತ ಸುಮಾರು ನೂರೈವತ್ತು ವರ್ಷಗಳಿಂದ ಇದರ ಬೇಸಾಯ ನಡೆದಿದೆಯೆಂದು ಹೇಳುತ್ತಾರೆ. ತಜ್ಞರು ಇದನ್ನು ಅಮೆರಿಕದ ಇಸಾಬೆಲ್ಲಾ ಎಂಬ ತಳಿಯ ವಂಶಕ್ಕೆ ಸೇರಿಸುತ್ತಾರೆ. ಹೀಗಾಗಿ ನಮ್ಮ 'ಸ್ವದೇಶಿ' ದ್ರಾಕ್ಷಿಯೂ ಮೂಲದಲ್ಲಿ ಪರದೇಶಿಯೇ. ಇದರಲ್ಲಿ ಸಂಕೋಚಪಡಬೇಕಾದದ್ದೇನೂ ಇಲ್ಲ. ನಮ್ಮ ಸಾರಿನ ಮೆಣಸಿನಕಾಯಿಯೂ, ಚಿಕ್ಕಬಳ್ಳಾಪುರದ ಆಲೂಗಡ್ಡೆಯೂ ಅಲ್ಲಿಂದಲೇ ಬಂದವು. ಬಂದವನು ಯಾವ ಊರಿನವನು ಎಂಬುದಕ್ಕಿಂತ ಬಂದು ಎಷ್ಟು ಕಾಲ ಬಾಳಿದ ಎಂಬುದನ್ನು ಇತಿಹಾಸ ನೋಡುತ್ತದೆ.

ಮತ್ತು ಇವನು ಬಾಳಿದ ರೀತಿ ವಿಶಿಷ್ಟವಾದದ್ದು. ಯೂರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲದ್ದರಿಂದ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ರೈತನು ವರ್ಷಕ್ಕೆ ಎರಡು ಬಾರಿ ಕತ್ತರಿ ಹಾಕಬೇಕು. ನಾಡಿನ ಬೇರೆಡೆಗಳಲ್ಲಿ ಏಪ್ರಿಲಿನ ಚಾಟನಿ ಕೇವಲ ಕಡ್ಡಿಗಾಗಿ, ಅಕ್ಟೋಬರಿನ ಸುಮಾರಿನ ಚಾಟನಿ ಹಣ್ಣಿಗಾಗಿ. ಬ್ಲೂ ಮಾತ್ರ ನಂದಿಯ ಸೀಮೆಯ ಹಿತವಾದ ಹವೆಯಲ್ಲಿ ಎರಡಕ್ಕೂ ಹಣ್ಣು ಕೊಡುತ್ತದೆ. ವರ್ಷಕ್ಕೆ ಎರಡು ಫಸಲು! ಎರಡೆಕರೆಯ ರೈತನಿಗೆ ಇದರ ಅರ್ಥವೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲುಕಂಬ ನೆಟ್ಟು, ತಲೆಯೆತ್ತರಕ್ಕೆ ತಂತಿ ಹೆಣೆದು, ಮೇಲೆ ಬಳ್ಳಿ ಹಬ್ಬಿಸಿದ ಆ ಚಪ್ಪರಗಳ ಕೆಳಗೆ ಬೇಸಗೆಯಲ್ಲಿಯೂ ತಂಪು. ನನ್ನ ಶಾಲೆಯ ಮಕ್ಕಳನೇಕರು ಪರೀಕ್ಷೆಗೆ ಓದಿಕೊಂಡದ್ದು ಅಲ್ಲಿಯೇ. ಫಸಲಿನ ಕಾಲದಲ್ಲಿ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹೆಚ್ಚುತ್ತಿತ್ತು. ಬಂದವರ ಬೆರಳ ತುದಿಗಳು ನೀಲಿಯಾಗಿರುತ್ತಿದ್ದವು, ಶಾಯಿಯಿಂದಲ್ಲ.

ಇಲ್ಲೊಂದು ಅಡ್ಡಮಾತು. ದ್ರಾಕ್ಷಿಗೆ ಬೂಜುರೋಗ ತಗಲದಂತೆ ಮೈಲುತುತ್ತ ಮತ್ತು ಸುಣ್ಣದ ನೀಲಿ ದ್ರಾವಣವನ್ನು ಸಿಂಪಡಿಸುತ್ತಾರೆ. 1885ರ ಸುಮಾರಿಗೆ ಫ್ರಾನ್ಸಿನ ಬೋರ್ಡೋ ಪ್ರಾಂತದ ವೈನ್ ತೋಟಗಳಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಕಂಡುಹಿಡಿದದ್ದು ಅದು. ಆದ್ದರಿಂದಲೇ ಬೋರ್ಡೋ ದ್ರಾವಣ. ಅದನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ತಂದವರು ಮೈಸೂರು ಸಂಸ್ಥಾನದಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್. ಮಳೆಗಾಲಕ್ಕೆ ಮೊದಲು ಮರವೇರಿ 'ಬೋರ್ಡೋ ಹೊಡೆಯುವ' ತೀರ್ಥಹಳ್ಳಿಯ ರೈತನಿಗೆ ತಾನು ಜಗತ್ಪ್ರಸಿದ್ಧ ಮದ್ಯವೊಂದರ ತವರೂರಿನ ಹೆಸರನ್ನು ಉಚ್ಚರಿಸುತ್ತಿರುವೆನೆಂಬುದು ತಿಳಿದಿರಲಾರದು. ವೈನಿಗೂ ನಮಗೂ ಇರುವ ನಂಟು ಹೀಗೆ ಎಲ್ಲೆಲ್ಲಿಯೋ ತಲೆಹಾಕುತ್ತದೆ.

ಹಾಗಾದರೆ ಬ್ಲೂ ದ್ರಾಕ್ಷಿ ನಿಜಕ್ಕೂ ವೈನಿಗೆ ಸಲ್ಲದೇ? ನನ್ನ ಹುಡುಗ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಒಳ್ಳೆಯ ವೈನಿಗೆ ಬೇಕಾದಷ್ಟು ಸಕ್ಕರೆ ಈ ಹಣ್ಣಿನಲ್ಲಿಲ್ಲ, ಹುಳಿ ಹೆಚ್ಚು. ಜೊತೆಗೆ ಅದರ ಘಾಟಾದ ಪರಿಮಳ. ಈ ಕುಲದ ದ್ರಾಕ್ಷಿಗಳ ಪರಿಮಳವನ್ನು ಇಂಗ್ಲಿಷ್ ಬಲ್ಲ ಪರಿಣತರು ನರಿಯ ಹೆಸರಿನಿಂದ ಕರೆದು ಮೂಗು ಮುರಿಯುತ್ತಾರೆ. ದ್ರಾಕ್ಷಿ ಹುಳಿಯೆಂದು ನರಿ ಹಳಿದ ಕಥೆಯನ್ನು ಒಂದನೆಯ ತರಗತಿಯಲ್ಲಿ ಓದಿದ್ದೇವೆ. ದ್ರಾಕ್ಷಿಯೇ ನರಿಯೆನಿಸಿಕೊಂಡದ್ದು ಇಲ್ಲಿ ಮಾತ್ರ. ಫ್ರಾನ್ಸ್ ದೇಶವಂತೂ 1934ರ ಕೊನೆಯಲ್ಲಿ ಒಂದು ಕಾನೂನು ಮಾಡಿ, ಇಸಾಬೆಲ್ಲಾವೂ ಸೇರಿ ಆರು ಅಮೆರಿಕನ್ ಮೂಲದ ತಳಿಗಳನ್ನು ನಿಷೇಧಿಸಿತು. ಅದಕ್ಕೂ ಕೆಲವು ದಶಕಗಳ ಹಿಂದೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡಿದಾಗ ಅವುಗಳನ್ನು ಬದುಕಿಸಿದ್ದು ಅಮೆರಿಕದ ಬಳ್ಳಿಗಳ ಬೇರಿಗೆ ಮಾಡಿದ ಕಸಿ. ಬೇರು ಬೇಕು, ಹಣ್ಣು ಬೇಡ! ಚರಿತ್ರೆಯಲ್ಲಿ ಕೃತಘ್ನತೆಯ ಉದಾಹರಣೆ ಕೇಳಿದಾಗ ನಾನು ಇನ್ನು ಮುಂದೆ ಇದನ್ನೂ ಸೇರಿಸಬಹುದು.

ಸತ್ಯದ ಉಳಿದರ್ಧವೆಂದರೆ ಈ ಹಣ್ಣಿನಿಂದ ವೈನ್ ಆಗುತ್ತಲೇ ಬಂದಿದೆ. ಗೋವೆಯಲ್ಲಿ 'ಪೋರ್ಟ್' ಎಂಬ ಹೆಸರಿನಿಂದ ಮಾರುವ ಸಿಹಿ ವೈನಿಗೆ ನಮ್ಮ ಬ್ಲೂ ದ್ರಾಕ್ಷಿಯೇ ಆಧಾರವಾಗಿದೆ. ಬೆಂಗಳೂರಿನ ಕ್ರೈಸ್ತ ಮತ್ತು ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮುಂಚೆ ಇದೇ ಹಣ್ಣನ್ನು ಕಿವಿಚಿ, ಸಕ್ಕರೆ, ಲವಂಗ, ಚಕ್ಕೆ, ಒಂದು ಹಿಡಿ ಗೋಧಿ ಹಾಕಿ ಪಿಂಗಾಣಿ ಜಾಡಿಯಲ್ಲಿ ಕಟ್ಟಿಡುವ ರೂಢಿಯಿತ್ತು. ನನ್ನ ಸಹೋದ್ಯೋಗಿಯಾಗಿದ್ದ ಇಂಗ್ಲಿಷ್ ಶಿಕ್ಷಕಿಯೊಬ್ಬರು ಡಿಸೆಂಬರಿನಲ್ಲಿ ಪ್ಲಮ್ ಕೇಕನ್ನು ನಮಗೆಲ್ಲ ಹಂಚಿ, ಪುಟ್ಟ ಬಾಟಲಿಯೊಂದನ್ನು ಮಾತ್ರ ಮುಖ್ಯೋಪಾಧ್ಯಾಯರ ಕಣ್ಣಿಗೆ ಬೀಳದಂತೆ ವಿಜ್ಞಾನದ ಮೇಷ್ಟರ ಚೀಲಕ್ಕೆ ಸೇರಿಸುತ್ತಿದ್ದರು. "ನೀವು ಗಾಂಧಿ ಪಾರ್ಟಿ, ನಿಮಗೆ ಎರಡು ತುಂಡು ಕೇಕ್" ಎನ್ನುತ್ತಿದ್ದರು ನನಗೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಈ ಹಣ್ಣನ್ನು ಕೈಬಿಟ್ಟವರಲ್ಲ. ಬ್ಲೂವನ್ನು ಬೇರೆ ತಳಿಗಳೊಡನೆ ಕೂಡಿಸಿ ಅವರು 'ಅರ್ಕಾ ಶ್ಯಾಮ್', 'ಅರ್ಕಾ ತೃಷ್ಣಾ' ಮೊದಲಾದ, ವೈನಿಗೂ ಒದಗುವ ಸಂಕರಗಳನ್ನು ಸೃಷ್ಟಿಸಿದರು. ತೃಷ್ಣಾ ಎಂದು ಹೆಸರಿಟ್ಟವರು ರಸಿಕರೇ ಇರಬೇಕು.

ಇನ್ನು ಫ್ರೆಂಚ್ ತಳಿಗಳು ನಂದಿಗೆ ಬಂದ ಕಥೆ. ಅದನ್ನೂ ನ್ಯಾಯವಾಗಿ ಹೇಳಬೇಕು, ಏಕೆಂದರೆ ಅದು ಸಾಮಾನ್ಯವಾದ ಸಾಹಸವಲ್ಲ. ಮುಂಬಯಿಯ ಉದ್ಯಮಿ ಕನ್ವಲ್ ಗ್ರೋವರ್ ಎಂಬವರು ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿಬರುತ್ತ ವೈನಿನ ಮೋಹಕ್ಕೆ ಬಿದ್ದರು. ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಭಾರತದಲ್ಲಿ ತಕ್ಕ ನೆಲವನ್ನು ಹುಡುಕಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ನೆಲೆಯೂರಿದರು. ವೈನಿನ ದ್ರಾಕ್ಷಿಗೆ ಹೇಳಿಸಿದ ನೆಲವೆಂದರೆ ಸಾಮಾನ್ಯವಾಗಿ 30ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವಿನದು. ನಂದಿಯಿರುವುದು 13ರ ಸಮೀಪ. ಆ ಕೊರತೆಯನ್ನು ತುಂಬಿಕೊಟ್ಟದ್ದು ಎತ್ತರ: ಸಮುದ್ರಮಟ್ಟದಿಂದ ಸುಮಾರು 3,000 ಅಡಿಯ ಕೆಂಪು ಮಣ್ಣಿನ ಪ್ರಸ್ಥಭೂಮಿ, ಹಗಲು ಬಿಸಿಲು, ರಾತ್ರಿ ತಂಪು. 1990ರ ದಶಕದ ಆರಂಭದಲ್ಲಿ ಅವರ ವೈನ್ ಹೊರಬಂದಿತು. ದಶಕದ ಮಧ್ಯದಲ್ಲಿ ಬೋರ್ಡೋದ ಖ್ಯಾತ ಸಲಹೆಗಾರ ಮಿಶೆಲ್ ರೋಲಾಂ ಜೊತೆಗೂಡಿದರು. 2005ರಲ್ಲಿ ಲಂಡನ್ನಿನ 'ಡಿಕ್ಯಾಂಟರ್' ಪತ್ರಿಕೆಯಲ್ಲಿ ವಿಮರ್ಶಕ ಸ್ಟೀವನ್ ಸ್ಪರಿಯರ್ ಅವರು ಗ್ರೋವರರ 'ಲಾ ರಿಸರ್ವ್' ಎಂಬ ಕೆಂಪು ವೈನನ್ನು ಹೊಸ ಜಗತ್ತಿನ ಅತ್ಯುತ್ತಮವೆಂದು ಮೆಚ್ಚಿದರು. ದೊಡ್ಡಬಳ್ಳಾಪುರವೆಂದರೆ ಮಗ್ಗ ಮತ್ತು ರೇಷ್ಮೆ ಸೀರೆ ಎಂದಷ್ಟೇ ತಿಳಿದಿದ್ದ ನಮಗೆ ಆ ಸುದ್ದಿಯನ್ನು ಓದಿ ಆಶ್ಚರ್ಯವಾಗಿತ್ತು. 2012ರಲ್ಲಿ ಆ ಸಂಸ್ಥೆ ನಾಸಿಕದ ಇನ್ನೊಂದು ಸಂಸ್ಥೆಯೊಡನೆ ಸೇರಿ ಗ್ರೋವರ್ ಜಾಂಪಾ ಆಯಿತು.

2007ನೆಯ ಇಸವಿಯನ್ನು ನಾನು ಬೇರೆ ಕಾರಣಕ್ಕಾಗಿ ನೆನೆಯುತ್ತೇನೆ. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕೆ ಮೊದಲಿನ ಸಾರಾಯಿ ಪ್ಯಾಕೆಟ್ಟುಗಳ ಕಾಲವನ್ನು ಹಳ್ಳಿಯ ಮೇಷ್ಟರಾಗಿದ್ದವರು ಮರೆಯಲಾರರು. ಶಾಲೆಯ ಹಿಂದಿನ ಮೋರಿಯಲ್ಲಿ ಖಾಲಿ ಪ್ಯಾಕೆಟ್ಟುಗಳು. ಫೀಸಿಗೆಂದು ತಾಯಿ ಸೆರಗಿನ ತುದಿಗೆ ಕಟ್ಟಿದ ಹಣ ಸಂಜೆಯೊಳಗೆ ಅಂಗಡಿ ಸೇರುತ್ತಿತ್ತು. ಹತ್ತನೆಯ ತರಗತಿಯಲ್ಲಿ ಮೊದಲನೆಯವನಾಗಿದ್ದ ಹುಡುಗನೊಬ್ಬ ಅಪ್ಪ ತೀರಿಕೊಂಡ ಮೇಲೆ ಕಲ್ಲುಕ್ವಾರಿಗೆ ಹೋದ. ನಾನು ಅವನ ಮನೆಗೆ ಎರಡು ಬಾರಿ ನಡೆದೆ, ಕರೆತರಲಾಗಲಿಲ್ಲ. ಅದೇ 2007ರಲ್ಲಿ ಅದೇ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ಹೊರಡಿಸಿತು. ವೈನನ್ನು ಇತರ ಮದ್ಯಗಳಿಂದ ಬೇರ್ಪಡಿಸಿ, ಅದನ್ನು ಬೆಳೆಗಾರನ ಹಣ್ಣಿನ ಉತ್ಪನ್ನವೆಂದು ಕಂಡು, ಸುಂಕದಲ್ಲಿ ರಿಯಾಯಿತಿ ಕೊಟ್ಟು, ತೋಟಗಾರಿಕೆಯ ಆಶ್ರಯದಲ್ಲಿ ವೈನ್ ಮಂಡಳಿಯನ್ನು ರಚಿಸಿದರು. ಒಂದು ಕೈಯಲ್ಲಿ ನಿಷೇಧ, ಇನ್ನೊಂದು ಕೈಯಲ್ಲಿ ಉತ್ತೇಜನ. ಬಡವನ ಪ್ಯಾಕೆಟ್ಟಿಗೆ ಬೀಗ, ಸಿರಿವಂತನ ಬಟ್ಟಲಿಗೆ ರಿಯಾಯಿತಿ ಎಂದು ಆಗ ನಾನು ಶಿಕ್ಷಕರ ಕೋಣೆಯಲ್ಲಿ ಕೂಗಾಡಿದ್ದುಂಟು. ದ್ರಾಕ್ಷಿ ಬೆಳೆಯುವ ಊರಿನ ಸಹೋದ್ಯೋಗಿಯೊಬ್ಬರು ತಣ್ಣಗೆ, "ನಮ್ಮಣ್ಣನ ಹಣ್ಣು ಕೊಳೆತು ತಿಪ್ಪೆ ಸೇರೋದಕ್ಕಿಂತ ಯಾರೋ ಕೊಂಡುಕೊಂಡರೆ ತಪ್ಪೇನು ಹೇಳಿ" ಎಂದಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಆ ನೀತಿಯ ನಂತರ ನಂದಿ ಕಣಿವೆ, ಕಾವೇರಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಕೇಳಿಬರತೊಡಗಿದವು. ಹಂಪಿಯ ಸೀಮೆಯ ಗುಡ್ಡಗಳಲ್ಲಿ ಕ್ರಿಸ್ಮಾ ಎಂಬ ಸಂಸ್ಥೆಯ ತೋಟವೆದ್ದಿತು. ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಚನ್ನಪಟ್ಟಣದ ಬಳಿ, ಬೊಂಬೆಯ ಅಂಗಡಿಗಳ ನೆರೆಯಲ್ಲಿ, ಹಿಂದೆ ಹೆರಿಟೇಜ್ ಎಂಬ ಹೆಸರಿನಲ್ಲಿದ್ದ ವೈನರಿ ನಾಸಿಕದ ಸುಲಾ ಸಂಸ್ಥೆಯ ಕೈಸೇರಿತು. ಈ ಪ್ರವಾಸದ ವಿದ್ಯೆಯಲ್ಲಿ ನಾಸಿಕವೇ ನಮಗೆ ಹಿರಿಯಣ್ಣ. ಸುಲಾದವರು 2005ರಲ್ಲಿಯೇ ರುಚಿ ನೋಡುವ ಕೋಣೆಯನ್ನು ತೆರೆದಿದ್ದರು. ತೋಟ ನೋಡುವುದು, ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುವುದು, ಮರದ ನೆರಳಿನಲ್ಲಿ ಊಟ. ಇದರಲ್ಲಿ ನನಗೆ ದೋಷವೇನೂ ಕಾಣುವುದಿಲ್ಲ. ಕುಡಿದು ಬಂಡಿ ನಡೆಸದಿದ್ದರಾಯಿತು. ಹಣ್ಣು ಮಣ್ಣಿನಲ್ಲಿ ಬೆಳೆಯುತ್ತದೆಂದು ಪಟ್ಟಣದ ಮಕ್ಕಳು ನೋಡುವುದೇ ಒಂದು ಶಿಕ್ಷಣ.

ನನ್ನ ಆಕ್ಷೇಪ ಬೇರೆ. ಅಂದು ನನ್ನ ಹುಡುಗ ಹೇಳಿದ ಇತಿಹಾಸದಲ್ಲಿ ಬೋರ್ಡೋ ಇತ್ತು, ಬರ್ಗಂಡಿ ಇತ್ತು. ಭೋಗನಂದೀಶ್ವರನ ಗುಡಿ ಇರಲಿಲ್ಲ. ಅರ್ಕಾವತಿ, ಪಿನಾಕಿನಿಗಳು ಹುಟ್ಟುವ ಬೆಟ್ಟ ಎದುರಿಗೇ ನಿಂತಿದ್ದರೂ ಅದರ ಮಾತು ಬರಲಿಲ್ಲ. ನೂರೈವತ್ತು ವರ್ಷ ಈ ಕೆಂಪು ಮಣ್ಣಿನಲ್ಲಿ ಕಲ್ಲುಕಂಬ ನೆಟ್ಟು ದ್ರಾಕ್ಷಿಯನ್ನು ಸಾಕಿದವರ ಹೆಸರಂತೂ ಇಲ್ಲವೇ ಇಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಶಾಂಪೇನಿನವರು ತಮ್ಮ ಊರಿನ ಹೆಸರಿಗಾಗಿ ಕೋರ್ಟು ಕಟ್ಟೆ ಹತ್ತುವುದು ಇಂಥದೇ ಹಕ್ಕಿನ ಬಲದಿಂದ. ಆ ಹಕ್ಕು ನಮ್ಮ ಕೈಯಲ್ಲಿದೆ. ಅದನ್ನು ಹೇಳಿಕೊಳ್ಳಬೇಕಾದ ಸ್ಥಳದಲ್ಲಿಯೇ ನಾವು ಮೌನವಾಗಿದ್ದೇವೆ. ಹಿತ್ತಲ ಗಿಡ ಮದ್ದಲ್ಲ.

ನಾನಿದನ್ನೆಲ್ಲ ಹುಡುಗನಿಗೆ ಅಂದೇ ಹೇಳಿದೆ, ಪಾಠ ಒಪ್ಪಿಸಲು ಬಾರದವನನ್ನು ಗದರಿಸುವ ಧಾಟಿಯಲ್ಲಿಯೇ. ಅವನು ಕೋಪಿಸಿಕೊಳ್ಳಲಿಲ್ಲ. "ಸರಿ ಸಾರ್, ಬನ್ನಿ, ನಿಮ್ಮನ್ನ ಒಂದು ಕಡೆ ಕರ್ಕೊಂಡು ಹೋಗ್ತೀನಿ" ಎಂದು ಮಧ್ಯಾಹ್ನದ ಬಿಡುವಿನಲ್ಲಿ ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡ. ನಾಲ್ಕೈದು ಮೈಲಿ ಹೋದ ಮೇಲೆ ನಿಲ್ಲಿಸಿದ್ದು ಅವನದೇ ತರಗತಿಯ ಇನ್ನೊಬ್ಬ ಹುಡುಗನ ಮನೆಯ ಮುಂದೆ. ಎರಡೆಕರೆ ಬ್ಲೂ ತೋಟದ ಒಡೆಯನಾಗಿದ್ದವನು. ನನ್ನನ್ನು ನೋಡಿ ಪಂಚೆ ಸರಿಮಾಡಿಕೊಂಡು ಓಡಿಬಂದ.

ತೋಟ ಇರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಮಾರುಕಟ್ಟೆ ಮುಚ್ಚಿ ಹಣ್ಣು ಬಳ್ಳಿಯ ಮೇಲೆಯೇ ಒಣಗಿತಂತೆ. ಅದಕ್ಕೂ ಹಿಂದಿನಿಂದಲೇ ಕೊಳವೆಬಾವಿಯ ನೀರು ಸಾವಿರ ಅಡಿಯ ಕೆಳಕ್ಕೆ ಇಳಿದಿತ್ತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ಭೂಮಿ ಕೊಳ್ಳುವವರು ಬಾಗಿಲು ತಟ್ಟುತ್ತಲೇ ಇದ್ದರು. ಒಂದೂಮುಕ್ಕಾಲು ಎಕರೆಯನ್ನು ಕೊಟ್ಟುಬಿಟ್ಟ. ಎದುರಿಗೆ ಬಡಾವಣೆಯಾಗಿತ್ತು, ನಿವೇಶನಗಳ ಗಡಿಗೆ ನೆಟ್ಟದ್ದು ಅವನ ಚಪ್ಪರದ ಕಲ್ಲುಕಂಬಗಳನ್ನೇ. ಹೆಬ್ಬಾಗಿಲಿನ ಫಲಕದ ಮೇಲೆ ಬಣ್ಣದಲ್ಲಿ ದ್ರಾಕ್ಷಿಯ ಗೊಂಚಲಿನ ಚಿತ್ರ ಬರೆಸಿದ್ದರು.

"ಬಳ್ಳಿ ಕಿತ್ತ ದಿವಸ ನಮ್ಮವ್ವ ಊಟ ಮಾಡ್ಲಿಲ್ಲ ಸಾರ್" ಎಂದ. ಆಕೆಯ ಮಾತಿಗೆ ಕಟ್ಟುಬಿದ್ದು ಮನೆಯ ಹಿಂದೆ ಉಳಿದ ಜಾಗದಲ್ಲಿ ಒಂದು ಚಪ್ಪರವನ್ನು ಹಾಗೆಯೇ ಇಟ್ಟಿದ್ದ. ತಲೆ ಬಗ್ಗಿಸಿ ಒಳಹೊಕ್ಕೆವು. ಅದೇ ತಂಪು, ಅದೇ ಘಾಟು. ವೈನರಿಯ ಹುಡುಗ ಒಂದು ಗೊಂಚಲನ್ನು ಅಂಗೈಯಲ್ಲಿ ಎತ್ತಿ ಬಹಳ ಹೊತ್ತು ನೋಡುತ್ತ ನಿಂತ. "ಲೇ, ನಮ್ಮ ಕಡೆ ಬರೋ ಜನನ ಇಲ್ಲಿಗೊಂದು ಸಲ ಕರ್ಕೊಂಡು ಬರ್ಲೇನೋ?" ಎಂದು ಕೇಳಿದ.

"ನೋಡಾಕೆ ಇಲ್ಲೇನೈತೆ?" ಎಂದ ಮನೆಯ ಯಜಮಾನ.

"ಇದೇ. ನಿಮ್ಮವ್ವ ಕತ್ತರಿ ಹಾಕೋದನ್ನ ತೋರಿಸ್ಲಿ. ನೀನು ಹಣ್ಣು ಮಾರು. ಮಿಕ್ಕಿದ್ದು ಮೇಷ್ಟ್ರು ಬರ್ಕೊಡ್ತಾರೆ, ನಾನು ಹೇಳ್ತೀನಿ."

ಇಬ್ಬರೂ ನನ್ನ ಮುಖ ನೋಡಿದರು. ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ. ಮೇಲಿನದರಲ್ಲಿ ಅರ್ಧದಷ್ಟು ಅವನಿಗಾಗಿ ಬರೆದ ಟಿಪ್ಪಣಿಯೇ; ಒಂದೂವರೆ ಪುಟಕ್ಕೆ ಇಳಿಸಿ ಅಂಚೆಯಲ್ಲಿ ಕಳಿಸಿದ್ದೇನೆ. ಮುಂದಿನ ಫಸಲಿನ ಹೊತ್ತಿಗೆ ಮೇಲಿನವರ ಒಪ್ಪಿಗೆ ಕೇಳುವೆನೆಂದು ಹೇಳಿದ್ದಾನೆ.

ಸಂಜೆ ದೊಡ್ಡಬಳ್ಳಾಪುರದಲ್ಲಿ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಆ ಚಪ್ಪರದ ಎರಡು ಕಿಲೋ ಹಣ್ಣಿತ್ತು. ಹುಡುಗ ಹಣ ಮುಟ್ಟಲಿಲ್ಲ. ಕಿಟಕಿ ಮುಚ್ಚಿದ್ದರಿಂದ ಪರಿಮಳ ಬಸ್ಸಿನ ತುಂಬ ಹರಡಿತು. ಮುಂದಿನ ಸೀಟಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಹಿಂದಿರುಗಿ ನೋಡಿ, "ಬ್ಲೂ ಅಲ್ವರಾ? ಈಗೆಲ್ಲಿ ಸಿಕ್ತು ನಿಮಗೆ?" ಎಂದು ಕೇಳಿದರು. ಒಂದು ಗೊಂಚಲನ್ನು ತೆಗೆದು ಅವರ ಕೈಗಿಟ್ಟೆ. ಆಕೆ ಅದನ್ನು ತಿನ್ನಲಿಲ್ಲ. ಮೂಗಿನ ಬಳಿ ಹಿಡಿದು, ಸೆರಗಿನಲ್ಲಿ ಕಟ್ಟಿಕೊಂಡು, ರಾಜಾನುಕುಂಟೆಯಲ್ಲಿ ಇಳಿದುಹೋದರು.